ಹಣ ಬಂದಾಗ ಕಪ್ಪೆ ಹೋಗಿತ್ತು

ಸಂಪಾದಕರೇ, ನಮಸ್ಕಾರ.

ಕಳೆದ ವಾರ ನಿಮ್ಮ ಯುವಜನರ ಪುಟದಲ್ಲಿ ಒಬ್ಬ ಹುಡುಗಿಯ ಪ್ರಶ್ನೆ ಬಂದಿತ್ತು. ಕಾಡು, ನದಿ, ಪ್ರಾಣಿಗಳ ಬಗ್ಗೆ ಬರೆಯುವುದನ್ನೇ ಕೆಲಸ ಮಾಡಿಕೊಳ್ಳಬೇಕು ಅಂತ ಆಸೆ, ಇದಕ್ಕೆ ಯಾರಾದರೂ ಸಹಾಯ ಮಾಡುತ್ತಾರಾ ಎಂದು ಕೇಳಿದ್ದಳು. ಉತ್ತರ ಎರಡೇ ಸಾಲು. ಹಲವು ವಿದ್ಯಾರ್ಥಿವೇತನಗಳಿವೆ, ಹುಡುಕಿ ಅರ್ಜಿ ಹಾಕಿ, ಶುಭವಾಗಲಿ.

ಸುಳ್ಳೇನಲ್ಲ ಬಿಡಿ. ಆದರೂ ಓದಿ ಸಿಟ್ಟು ಬಂತು. ಈಜು ಕಲಿಸಿ ಅಂದವರಿಗೆ ನದಿ ಆ ಕಡೆ ಇದೆ ಅಂತ ಕೈ ತೋರಿಸಿದ ಹಾಗಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕತ್ತರಿಸುವುದಾದರೆ ನನ್ನ ಗೋಳಾಟದ ಭಾಗ ಕತ್ತರಿಸಿ.

ನಾನು 24 ವರ್ಷಗಳಿಂದ ಕಪ್ಪೆಗಳ ಕೂಗು ರೆಕಾರ್ಡ್ ಮಾಡಿಕೊಂಡು, ಅವುಗಳ ಬಗ್ಗೆ ಬರೆದುಕೊಂಡು ಬಂದವಳು. ನೆಂಟರ ಲೆಕ್ಕದಲ್ಲಿ ಇದು ಕೆಲಸವಲ್ಲ. ಬ್ಯಾಂಕಿನ ಲೆಕ್ಕದಲ್ಲೂ ಅಲ್ಲ. ಹೇಗೋ ನಡೆದಿದೆ. ಹೇಗೆ ನಡೆಯಿತು ಅಂತ ಹಿಂತಿರುಗಿ ನೋಡಿದರೆ, ಹಣ ಸಿಕ್ಕಿದ್ದಕ್ಕಿಂತ ಹಣ ಯಾವಾಗ ಸಿಕ್ಕಿತು, ಜೊತೆಗೆ ಯಾರು ಸಿಕ್ಕರು ಅನ್ನುವುದೇ ಮುಖ್ಯವಾಗಿತ್ತು ಅನ್ನಿಸುತ್ತದೆ.

ನನ್ನ ಮೊದಲ ಫೆಲೋಶಿಪ್ ಕಥೆ ಕೇಳಿ. ಒಂದು ಸಂಸ್ಥೆ, ಹೆಸರು ಬೇಡ. ಎಲೆಗಳ ಮೇಲೆ ನೊರೆಗೂಡು ಕಟ್ಟುವ ಒಂದು ಕಪ್ಪೆಯ ಬಗ್ಗೆ ಲೇಖನ, ಜೊತೆಗೆ ಹತ್ತು ನಿಮಿಷದ ಧ್ವನಿ ಕಾರ್ಯಕ್ರಮ ಮಾಡುತ್ತೇನೆ ಅಂತ ಅರ್ಜಿ ಹಾಕಿದ್ದೆ. ಆಯ್ಕೆಯಾಯಿತು. ಕುಣಿದಾಡಿದೆ. ಮಳೆ ಶುರುವಾಗುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಆದರೆ ಒಪ್ಪಂದಕ್ಕೆ ಸಹಿ ಆಗಬೇಕು, ಸಹಿ ಹಾಕುವವರು ರಜೆಯಲ್ಲಿದ್ದಾರೆ, ಆಮೇಲೆ ಲೆಕ್ಕಪತ್ರದ ವರ್ಷ ಮುಗಿಯಬೇಕು, ಹೊಸ ವರ್ಷದ ಬಜೆಟ್ ಪಾಸಾಗಬೇಕು. ಮಳೆ ಬಂತು. ಹಣ ಬರಲಿಲ್ಲ.

ಈ ಜಾತಿಯ ಕಪ್ಪೆಗಳು ಮೊದಲ ಜೋರು ಮಳೆ ಬಿದ್ದ ಕೆಲವೇ ರಾತ್ರಿಗಳಲ್ಲಿ ಎಲ್ಲ ಮುಗಿಸಿಬಿಡುತ್ತವೆ. ಗಂಡು ಗಂಟಲ ಚೀಲ ಉಬ್ಬಿಸಿ ಕೂಗುತ್ತದೆ. ಹೆಣ್ಣು ನೀರಿನ ಮೇಲೆ ಬಾಗಿದ ಕೊಂಬೆಗೆ ಬರುತ್ತದೆ, ಮೈಯಿಂದ ಒಂದು ದ್ರವ ಬಿಟ್ಟು ಹಿಂಗಾಲುಗಳಿಂದ ಅದನ್ನು ಕಡೆಯುತ್ತದೆ, ಮಜ್ಜಿಗೆ ಕಡೆದ ಹಾಗೆ. ಬೆಳ್ಳಗೆ ನೊರೆ ಏಳುತ್ತದೆ. ಮೊಟ್ಟೆಗಳು ಅದರೊಳಗೆ. ಕೆಲವು ದಿನ ಬಿಟ್ಟು ಗೂಡು ಕರಗಿ, ಗೊದಮೊಟ್ಟೆಗಳು ಟಪಟಪ ಅಂತ ಕೆಳಗಿನ ನೀರಿಗೆ ಉದುರುತ್ತವೆ. ಇದನ್ನು ನೋಡಬೇಕಾದರೆ ಆ ರಾತ್ರಿಗಳಲ್ಲಿ ಅಲ್ಲೇ ಇರಬೇಕು. ಮೊದಲ ಕಂತು ನನ್ನ ಖಾತೆಗೆ ಬಂದ ದಿನ ನಾನು ಬ್ಯಾಗು ಹೆಗಲಿಗೇರಿಸಿ ಹೊರಟೆ. ಹೋಗಿ ನೋಡಿದರೆ ಎಲೆಗಳ ಮೇಲೆ ಒಣಗಿದ ನೊರೆಯ ಕಂದು ಸಿಪ್ಪೆ ಅಂಟಿಕೊಂಡಿತ್ತು. ಬೆರಳಲ್ಲಿ ಮುಟ್ಟಿದೆ, ಪುಡಿಯಾಯಿತು. ಅಷ್ಟೇ ನನಗೆ ಸಿಕ್ಕಿದ್ದು.

ಮುಂದಿನ ಮಳೆಗೆ ಸಾಲ ಮಾಡಿ ಹೋದೆ. 11 ರಾತ್ರಿ ಇದ್ದೆ. ಅದರಲ್ಲಿ 8 ರಾತ್ರಿ ಏನೂ ಆಗಲಿಲ್ಲ. ಇಂಬಳಕ್ಕೆ ರಕ್ತ ಕೊಟ್ಟಿದ್ದು ಬಿಟ್ಟರೆ ಕೆಲಸ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂಬತ್ತನೇ ರಾತ್ರಿ ಮೈಕಿನೊಳಗೆ ತೇವ ಹೊಕ್ಕು ಬರೀ ಕರಕರ ಸದ್ದು. ಹತ್ತನೇ ರಾತ್ರಿ ಎರಡು ಗಂಟೆಗೆ ಹೆಣ್ಣು ಬಂತು. ಬಂದು, ನನ್ನ ಮೂಗಿನಿಂದ ಒಂದು ಮೊಳ ದೂರದ ಎಲೆಯ ಮೇಲೆ ಕೂತು ಕಡೆಯಲು ಶುರುಮಾಡಿತು. ಹೆಡ್‌ಲ್ಯಾಂಪಿಗೆ ಕೆಂಪು ಕಾಗದ ಸುತ್ತಿಕೊಂಡಿದ್ದೆ, ಬೆಳಕು ಚುಚ್ಚಬಾರದು ಅಂತ. ಉಸಿರು ಬಿಗಿಹಿಡಿದು ಕೂತಿದ್ದೆ.

ಕೊನೆಗೆ ಲೆಕ್ಕ ಒಪ್ಪಿಸುವಾಗ ಸಂಸ್ಥೆ ಕೇಳಿದ್ದು ರಸೀದಿ. ದೋಣಿಯವನು ರಸೀದಿ ಕೊಡುತ್ತಾನಾ? ರಾತ್ರಿ ದಾರಿ ತೋರಿಸಿದ ಮುದುಕ ಬಿಲ್ಲು ಬರೆಯುತ್ತಾನಾ? ಏನೂ ಆಗದ 8 ರಾತ್ರಿಗಳಿಗೆ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ. ‘ಉತ್ಪಾದಕ ದಿನಗಳು’ ಅಂತ ಒಂದು ಕಾಲಮ್ ಇತ್ತು. ಮೂರು ಅಂತ ಬರೆದೆ. ಮೂರು ದಿನದ ಭತ್ಯೆ ಕೊಟ್ಟರು.

ಹೊರಾಂಗಣದ, ವನ್ಯಜೀವಿಗಳ ಕೆಲಸದಲ್ಲಿ ಖರ್ಚಾಗುವುದು ಏನೂ ಆಗದ ದಿನಗಳಿಗೇ. ಕ್ಯಾಮೆರಾವನ್ನು ಎರವಲು ತರಬಹುದು, ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಕಾಯುವ ದಿನಗಳನ್ನು ಯಾರೂ ಬಾಡಿಗೆಗೆ ಕೊಡುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಬರುವವರು ಜಾಸ್ತಿ ಯಾರು? ಮನೆಯಲ್ಲಿ ಕೂತು ತಿನ್ನುವಷ್ಟು ಇದ್ದವರು. ಕಾಡಿನ ಅಂಚಿನಲ್ಲೇ ಹುಟ್ಟಿ, ಹಕ್ಕಿಯ ಕೂಗು ಕೇಳಿ ಮಳೆ ಯಾವಾಗ ಅಂತ ಹೇಳುವ ಹುಡುಗ ಕೊನೆಗೆ ಅವರ ಗೈಡ್ ಆಗುತ್ತಾನೆ. ಫೋಟೋದ ಕೆಳಗೆ ಅವನ ಹೆಸರೂ ಇರುವುದಿಲ್ಲ.

ಆ ಫೆಲೋಶಿಪ್‌ನಿಂದ ನನಗೆ ಲಾಭವೇ ಆಗಲಿಲ್ಲ ಅಂದರೆ ತಪ್ಪಾಗುತ್ತದೆ. ಅವರು ಒಬ್ಬ ಹಿರಿಯ ಸಂಪಾದಕರನ್ನು ನನಗೆ ಜೊತೆ ಮಾಡಿದ್ದರು. ನಿವೃತ್ತರು, ಮಾತು ಕಡಿಮೆ. ನನ್ನ ಮೊದಲ ಡ್ರಾಫ್ಟು 14 ಪುಟ ಇತ್ತು. ಹಸಿರು, ಮೌನ, ಇಬ್ಬನಿ, ತಾಯಿ ಪ್ರಕೃತಿ, ಮನುಷ್ಯನ ದುರಾಸೆ, ಎಲ್ಲವೂ ಇತ್ತು. ಅವರು ವಾಪಸ್ ಕಳಿಸಿದಾಗ ಮೊದಲ ಪುಟದಿಂದ ಐದನೇ ಪುಟದವರೆಗೆ ಅಂಚಿನಲ್ಲಿ ಒಂದೇ ಪ್ರಶ್ನೆ, ಐದು ಸಲ: ‘ಕಪ್ಪೆ ಎಲ್ಲಿ?’ ಆರನೇ ಪುಟದಲ್ಲಿ ಕಪ್ಪೆ ಬಂದಿತ್ತು. ಅಲ್ಲಿ ಬರೆದಿದ್ದರು, ‘ಬಂತಲ್ಲ. ಇಲ್ಲಿಂದ ಶುರುಮಾಡಿ.’ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಆ ಐದು ಪ್ರಶ್ನೆ ಕಲಿಸಿದಷ್ಟನ್ನು ಯಾವ ಕಾರ್ಯಾಗಾರವೂ ಕಲಿಸಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ. ಕೀಟನಾಶಕಗಳ ವಿರುದ್ಧ ಬರೆದು ಜಗತ್ತನ್ನೇ ಎಚ್ಚರಿಸಿದ ಅಮೆರಿಕದ ರೇಚಲ್ ಕಾರ್ಸನ್ ಹೇಗೆ ಶುರುಮಾಡಿದರು ಗೊತ್ತಲ್ವಾ? 1935ರಲ್ಲಿ ತಂದೆ ತೀರಿಕೊಂಡರು, ಸಂಸಾರದ ಭಾರ ಇವರ ಮೇಲೆ ಬಿತ್ತು. ಸರ್ಕಾರದ ಮೀನುಗಾರಿಕೆ ಇಲಾಖೆಗೆ ಕಡಲ ಜೀವಿಗಳ ಬಗ್ಗೆ ರೇಡಿಯೊ ಸ್ಕ್ರಿಪ್ಟ್ ಬರೆಯುವ ಅರೆಕಾಲಿಕ ಕೆಲಸ ಹಿಡಿದರು. ಎಲ್ಮರ್ ಹಿಗ್ಗಿನ್ಸ್ ಅನ್ನುವವರು ಅವರ ಮೇಲಧಿಕಾರಿ. ಒಮ್ಮೆ ಇಲಾಖೆಯ ಕಿರುಹೊತ್ತಗೆಗೆ ಮುನ್ನುಡಿಯಂತೆ ಒಂದು ಬರಹ ಬರೆದುಕೊಡಿ ಅಂದರು. ಕಾರ್ಸನ್ ಬರೆದುಕೊಟ್ಟರು. ಹಿಗ್ಗಿನ್ಸ್ ಓದಿ, ಇದು ನಮ್ಮ ಇಲಾಖೆಗೆ ಆಗುವಂಥದ್ದಲ್ಲ, ನಮಗೆ ಬೇರೆ ಬರೆದುಕೊಡಿ, ಇದನ್ನು ‘ಅಟ್ಲಾಂಟಿಕ್’ ಮಾಸಪತ್ರಿಕೆಗೆ ಕಳಿಸಿ ಅಂದರು. 1937ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಅದು ಅಚ್ಚಾಯಿತು. ಅಲ್ಲಿಂದ ಅವರ ಪುಸ್ತಕಗಳ ದಾರಿ ತೆರೆಯಿತು. 1951ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಬಂತು. ಅಷ್ಟರಲ್ಲಿ ಅವರ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿತ್ತು, ಫೆಲೋಶಿಪ್‌ನ ಉಳಿದ ಹಣ ವಾಪಸ್ ಕೊಟ್ಟರು. (ಈ ಸಂಗತಿ ನಮ್ಮ ಸಂಸ್ಥೆಯ ಲೆಕ್ಕಪತ್ರದವರಿಗೆ ಹೇಳಿದ್ದೆ. ನಗಲಿಲ್ಲ.) ಕೈಗೆ ಸಂಬಳ ಬರುತ್ತಿದ್ದ ಹೊತ್ತಿನಲ್ಲೇ ಕೂತು ಓದಿ, ಎಲ್ಲಿಗೆ ಕಳಿಸಬೇಕು ಅಂತ ಹೇಳುವವರೊಬ್ಬರು ಅವರಿಗೆ ಸಿಕ್ಕರು. ಹಿಗ್ಗಿನ್ಸ್ ಆ ಬರಹವನ್ನು ಸುಮ್ನೆ ಫೈಲಿಗೆ ಸೇರಿಸಿದ್ದರೆ?

ಈಗ ಆ ಹುಡುಗಿಗೆ ಉಪಯೋಗವಾಗುವ ಮಾತು. ಸಹಾಯ ನಿಜವಾಗಿಯೂ ಇದೆ, ಆದರೆ ಎಲ್ಲವೂ ಒಂದೇ ಥರ ಇಲ್ಲ. ಮೊಂಗಾಬೇ ಅನ್ನುವ ಪರಿಸರ ಸುದ್ದಿಸಂಸ್ಥೆ 1999ರಿಂದ ಇದೆ. ಉಷ್ಣವಲಯದ ದೇಶಗಳ ಹೊಸ ಪತ್ರಕರ್ತರಿಗೆ ಅವರು ಆರು ತಿಂಗಳ ಫೆಲೋಶಿಪ್ ಕೊಡುತ್ತಾರೆ. ತಿಂಗಳು ತಿಂಗಳು ಸ್ಟೈಪೆಂಡ್, ಜೊತೆಗೆ ಸಂಪಾದಕರ ಕೈಕೆಳಗೆ ಕೆಲಸ. ನನಗೆ ಇಷ್ಟವಾಗುವ ಕ್ರಮ ಇದು. ಇಂಟರ್‌ನ್ಯೂಸ್ ಸಂಸ್ಥೆ 2004ರಲ್ಲಿ ಕಟ್ಟಿದ ಅರ್ಥ್ ಜರ್ನಲಿಸಂ ನೆಟ್‌ವರ್ಕ್ ಒಂದೊಂದು ವರದಿಗೆ ಅಂತ ಅನುದಾನ ಕೊಟ್ಟು, ಮಾರ್ಗದರ್ಶಕರನ್ನೂ ಜೊತೆ ಮಾಡುತ್ತದೆ. ಪತ್ರಕರ್ತರ ವರದಿಗೆ ಹಣ ಕೊಡುವ ಅಮೆರಿಕದ ಪುಲಿಟ್ಜರ್ ಸೆಂಟರ್ 2018ರಲ್ಲಿ ಮಳೆಕಾಡುಗಳ ವರದಿಗೆ ಅಂತಲೇ ಒಂದು ನಿಧಿ ಶುರುಮಾಡಿತು. ಅಮೆಜಾನ್ ಸುತ್ತಲಿನ ಪತ್ರಕರ್ತರು ಪೋರ್ಚುಗೀಸ್, ಸ್ಪ್ಯಾನಿಷ್‌ನಲ್ಲೇ ಅರ್ಜಿ ಹಾಕಬಹುದು. ಇದು ಸಣ್ಣ ವಿಷಯ ಅನ್ನಬೇಡಿ. ಕಾಡನ್ನು ಬಲ್ಲವರು ತಮ್ಮ ಭಾಷೆಯಲ್ಲಿ ಬಲ್ಲರು. ಅರ್ಜಿ ಇನ್ನೊಂದು ಭಾಷೆಯಲ್ಲಿ ಬೇಕು ಅಂದ ಕೂಡಲೇ ಅರ್ಧ ಜನ ಬಾಗಿಲಲ್ಲೇ ವಾಪಸ್.

ಅಮೆರಿಕದಲ್ಲಿ ಬೇಟೆ, ಮೀನುಗಾರಿಕೆ, ಚಾರಣದ ಬಗ್ಗೆ ಬರೆಯುವವರ ಸಂಘವೊಂದು 1927ರಲ್ಲೇ ಹುಟ್ಟಿತು. ಔಟ್‌ಡೋರ್ ರೈಟರ್ಸ್ ಅಸೋಸಿಯೇಷನ್ ಅಂತ. ಬೋಡಿ ಮೆಕ್‌ಡೋವೆಲ್ ಹೆಸರಿನ ವಿದ್ಯಾರ್ಥಿವೇತನ ಅವರದ್ದು. ಬರಹ, ಛಾಯಾಚಿತ್ರ, ಚಿತ್ರಕಲೆ, ಸಿನಿಮಾ, ಪ್ರಸಾರ ಯಾವುದಾದರೂ ಸರಿ, ಹೊರಾಂಗಣದ ವಿಷಯವಾಗಿರಬೇಕು. 1990ರಲ್ಲಿ ಶುರುವಾದ ಪರಿಸರ ಪತ್ರಕರ್ತರ ಸೊಸೈಟಿಯಲ್ಲಿ ಹಿರಿಯರೊಬ್ಬರನ್ನು ಕಿರಿಯರೊಬ್ಬರಿಗೆ ಜೋಡಿ ಮಾಡುವ ಪದ್ಧತಿ ಇದೆ. ಇಂಥ ಸಂಘಗಳ ಲಾಭ ನಮಗೆ ಬೇಗ ಕಾಣುವುದಿಲ್ಲ. ಒಂದು ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳೂ ನಮ್ಮದೇ’ ಅಂತ ಬರೆದಿದ್ದಾರೆ, ಸಹಿ ಹಾಕಲಾ ಬೇಡವಾ ಅಂತ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಕೇಳಲು ಒಬ್ಬರು ಬೇಕಲ್ವಾ? ನನಗೆ ಇರಲಿಲ್ಲ. ಸಹಿ ಹಾಕಿದೆ. ಆ ಹೆಣ್ಣು ಕಪ್ಪೆಯ ರೆಕಾರ್ಡಿಂಗ್ ಈಗ ನನ್ನದಲ್ಲ. ಮೊನ್ನೆ ಯಾವುದೋ ಜಾಹೀರಾತಿನಲ್ಲಿ ಅದರ ಜೊತೆಗಾರನ ಕೂಗು ಕೇಳಿ ಬೆಚ್ಚಿಬಿದ್ದೆ.

ಅರ್ಜಿ ಕೊಡುವವರ ಕಷ್ಟ ಹೇಳಿದೆ. ಅರ್ಜಿ ಓದುವವರ ಕಡೆಯೂ ಕೂತಿದ್ದೇನೆ, ಎರಡು ಸಲ. ಇನ್ನೊಂದು ಸಂಸ್ಥೆ, ಹೆಸರು ಬೇಡ. ಮೂವತ್ತು ಚಿಲ್ಲರೆ ಅರ್ಜಿಗಳಿದ್ದವು. ಬಹುಪಾಲು ಶುರುವಾಗಿದ್ದು ‘ಚಿಕ್ಕಂದಿನಿಂದಲೂ ನನಗೆ ಪ್ರಕೃತಿ ಎಂದರೆ ಪ್ರಾಣ’ ಅಂತ. ತಂಗೀ, ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಸಾಲು ತೆಗೆದುಬಿಡು. ‘ಕಪ್ಪೆಗಳ ಅಳಿವಿನ ಬಗ್ಗೆ ಬರೆಯುತ್ತೇನೆ’ ಅನ್ನುವುದೂ ಸಾಲದು. ಜಗತ್ತಿನ ಉಭಯವಾಸಿ ಪ್ರಭೇದಗಳಲ್ಲಿ ಸುಮಾರು ಶೇ 41ರಷ್ಟು ಅಳಿವಿನ ಅಪಾಯದಲ್ಲಿವೆ ಅಂತ 2023ರ ಜಾಗತಿಕ ಮೌಲ್ಯಮಾಪನ ಹೇಳಿತು. ಆ ಅಂಕಿ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಯಾವ ಕಪ್ಪೆ, ಯಾವ ನೀರು, ಯಾರು ನೋಡಿದರು, ಈ ವರ್ಷ ಏನು ಬದಲಾಯಿತು, ನೀನೇ ಯಾಕೆ ಬರೆಯಬೇಕು, ಇವು ಮೊದಲ ಐದು ಸಾಲಿನಲ್ಲಿ ಇರಬೇಕು.

ಆ ರಾಶಿಯಲ್ಲಿ ಒಂದು ಅರ್ಜಿ ಹಾಗೇ ಇತ್ತು. ಬರೆದವಳು ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳು. ಬೆಳಿಗ್ಗೆ ನಡೆದು ಹೋಗುವ ದಾರಿಯಲ್ಲಿ ಒಂದು ಮೋರಿ, ಅದರ ಪಕ್ಕ ರಸ್ತೆ. ರಾತ್ರಿ ವಾಹನಗಳ ಗಾಲಿಗೆ ಸಿಕ್ಕಿ ಸತ್ತ ಕಪ್ಪೆಗಳನ್ನು 40 ದಿನ ಎಣಿಸಿದ್ದಳು. ಎಣಿಕೆಯನ್ನು ಹಳೆಯ ಬಸ್ ಟಿಕೆಟ್ಟುಗಳ ಹಿಂದೆ ಬರೆದು, ದಾರಕ್ಕೆ ಪೋಣಿಸಿ, ಅದರ ಫೋಟೋ ತೆಗೆದು ಲಗತ್ತಿಸಿದ್ದಳು. ಮಳೆ ಬಂದ ಮರುದಿನದ ಟಿಕೆಟ್ಟಿನಲ್ಲಿ ಅಂಕಿ ಇರಲಿಲ್ಲ, ‘ಎಣಿಸಲಾಗಲಿಲ್ಲ’ ಅಂತ ಇತ್ತು. ಆ ಒಂದು ಮಾತಿಗೆ ನಾನು ಅವಳಿಗೇ ಕೊಟ್ಟುಬಿಡೋಣ ಅಂದೆ. ಆದರೆ ಎರಡು ಶಿಫಾರಸು ಪತ್ರ ಬೇಕಿತ್ತು, ಅವಳ ಹತ್ತಿರ ಒಂದೂ ಇರಲಿಲ್ಲ. ಪ್ರಕಟವಾದ ಮೂರು ಲೇಖನ ಬೇಕಿತ್ತು, ಅದೂ ಇಲ್ಲ. ನಿಯಮ ನಿಯಮವೇ ಅಂದರು. ನಾನು ಇನ್ನೂ ಜೋರಾಗಿ ಜಗಳ ಆಡಬೇಕಿತ್ತು. ಆಡಲಿಲ್ಲ, ರೈಲಿಗೆ ಹೊತ್ತಾಗಿತ್ತು. ಅವಳು ಈಗ ಏನು ಮಾಡುತ್ತಿದ್ದಾಳೋ ಗೊತ್ತಿಲ್ಲ. ಪ್ರಕಟವಾದ ಲೇಖನ ಇದ್ದಿದ್ದರೆ ಅವಳು ‘ಹೊಸಬರಿಗೆ’ ಅಂತ ಇಟ್ಟ ಹಣಕ್ಕೆ ಯಾಕೆ ಅರ್ಜಿ ಹಾಕುತ್ತಿದ್ದಳು ಹೇಳಿ?

ಬಹುಮಾನಗಳ ವಿಷಯ ಬೇಗ ಮುಗಿಸುತ್ತೇನೆ. ಸ್ಪರ್ಧೆ ಒಳ್ಳೆಯದೇ. 1965ರಿಂದ ನಡೆಯುತ್ತಿರುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್‌ನಲ್ಲಿ 17 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಪ್ರವೇಶ ಉಚಿತ, ಮಕ್ಕಳು ಕಳಿಸಲಿ. ಆದರೆ ಬಹುಮಾನ ಸಿಗುವುದು ಮುಗಿದ ಕೆಲಸಕ್ಕೆ. ಅದನ್ನೇ ನೆಚ್ಚಿ ಕೂತರೆ ಒತ್ತಡ ಏನೇನೋ ಮಾಡಿಸುತ್ತದೆ. ಅದೇ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಇರುವೆಭಕ್ಷಕದ ಚಿತ್ರವನ್ನು 2018ರ ಏಪ್ರಿಲ್‌ನಲ್ಲಿ ಹೊರಗೆ ಹಾಕಿದರು. ಹುತ್ತದ ಪಕ್ಕ ನಿಂತಿದ್ದದ್ದು ಒಳಗೆ ಹುಲ್ಲು ತುಂಬಿದಂಥ ಸತ್ತ ಪ್ರಾಣಿ ಅಂತ ತಜ್ಞರು ತೀರ್ಮಾನಿಸಿದರು. ತೆಗೆದವರು ಒಪ್ಪಲಿಲ್ಲ, ಅದು ಬೇರೆ ಮಾತು. ಗೂಡಿನ ಮುಂದಿನ ಎಲೆ ಕತ್ತರಿಸಬೇಡ, ರೆಕಾರ್ಡ್ ಮಾಡಿದ ಕೂಗನ್ನು ಅದೇ ಹಕ್ಕಿಗೆ ಮತ್ತೆ ಮತ್ತೆ ಕೇಳಿಸಿ ಕರೆಯಬೇಡ, ಅಪರೂಪದ ಜೀವಿ ಸಿಕ್ಕ ಜಾಗದ ಲೊಕೇಶನ್ ಹಾಕಬೇಡ, ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ತೊಳೆದು ಒಣಗಿಸು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ನಮ್ಮ ಬೂಟಿನ ಕೆಸರಿನಲ್ಲೂ ಹೋಗಬಲ್ಲದು. ಇವನ್ನು ನನಗೆ ಕಲಿಸಿದ್ದು ಜೊತೆಗಿದ್ದವರು, ಬಹುಮಾನ ಕೊಟ್ಟವರಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಈ ಕೆಲಸದಲ್ಲಿ ಅಪಾಯ ಬರೀ ಹಾವು, ಜಾರುಬಂಡೆಯದಲ್ಲ. 2022ರ ಜೂನ್‌ನಲ್ಲಿ ಬ್ರೆಜಿಲ್‌ನ ಜವಾರಿ ಕಣಿವೆಯಲ್ಲಿ ಪತ್ರಕರ್ತ ಡಾಮ್ ಫಿಲಿಪ್ಸ್ ಅವರನ್ನೂ ಮೂಲನಿವಾಸಿಗಳ ಪರ ದುಡಿಯುತ್ತಿದ್ದ ಬ್ರೂನೊ ಪೆರೇರಾ ಅವರನ್ನೂ ಕೊಂದರು. ಫಿಲಿಪ್ಸ್ ಅನುಭವಿ. ಅವರ ಕೈಯಲ್ಲಿ ಫೆಲೋಶಿಪ್ ಇತ್ತು, ಪುಸ್ತಕ ಅರ್ಧ ಆಗಿತ್ತು, ಆಮೇಲೆ ಗೆಳೆಯರು ಸೇರಿ ಮುಗಿಸಿದರು. 2009ರಿಂದ 2023ರವರೆಗೆ ಪರಿಸರದ ವರದಿ ಮಾಡುತ್ತಿದ್ದ ಕನಿಷ್ಠ 44 ಪತ್ರಕರ್ತರ ಕೊಲೆಯಾಗಿದೆ ಅಂತ ಯುನೆಸ್ಕೊ ಲೆಕ್ಕ ಕೊಟ್ಟಿದೆ. ಮರಳು, ಮರ, ಗಣಿ, ಇವುಗಳ ಹತ್ತಿರ ಹೋದಷ್ಟೂ ಯಾರದೋ ಜೇಬಿನ ಹತ್ತಿರ ಹೋಗುತ್ತೇವೆ. ಆದರೂ ನಾನು ನೋಡಿದ ಎಷ್ಟೋ ವಿದ್ಯಾರ್ಥಿವೇತನಗಳ ಕಾಗದಗಳಲ್ಲಿ ವಿಮೆ ಅನ್ನುವ ಪದ ಒಂದೇ ಕಡೆ ಬರುತ್ತದೆ: ‘ಅರ್ಜಿದಾರರೇ ಮಾಡಿಸಿಕೊಳ್ಳತಕ್ಕದ್ದು.’ 22 ವರ್ಷದ ಮಗುವಿಗೆ ನದಿಗೆ ಇಳಿ ಅಂತ ಹಣ ಕೊಟ್ಟು, ಮುಳುಗಿದರೆ ನಿನ್ನ ಹಣೆಬರಹ ಅಂದ ಹಾಗೆ. ಪ್ರಥಮ ಚಿಕಿತ್ಸೆಯ ತರಬೇತಿ, ವಿಮೆ, ರಾತ್ರಿ ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಹುಡುಕಲು ಹೊರಡುವ ಒಬ್ಬ ಮನುಷ್ಯ. ಕೊಡುವ ಹಣದಲ್ಲಿ ಮೊದಲ ಖರ್ಚು ಇವೇ ಆಗಬೇಕು.

ಹಾಗಾಗಿ ವಿದ್ಯಾರ್ಥಿವೇತನ ಕೊಡಬೇಕು ಅಂತ ಇರುವವರಿಗೆ ನನ್ನ ಕೋರಿಕೆ ಇಷ್ಟು. ಹತ್ತು ಜನಕ್ಕೆ ಚೂರು ಚೂರು ಹಂಚಿ ಹತ್ತು ಫೋಟೋ ಹಾಕಿಸಿಕೊಳ್ಳುವ ಬದಲು ಮೂರು ಜನಕ್ಕೆ ಕೊಡಿ. ಮುಂಗಡ ಕೊಡಿ. ಕಪ್ಪೆಯ, ಆಮೆಯ, ವಲಸೆ ಹಕ್ಕಿಯ ಕಾಲ ನೋಡಿಕೊಂಡು ಕೊಡಿ, ಲೆಕ್ಕಪತ್ರದ ಕಾಲ ನೋಡಿಕೊಂಡಲ್ಲ. ರಸೀದಿಯ ಬದಲು ದಿನಚರಿ ಕೇಳಿ. ನನ್ನ ಆ 8 ಖಾಲಿ ರಾತ್ರಿಗಳ ಟಿಪ್ಪಣಿ ಯಾರಾದರೂ ಕೇಳಿದ್ದರೆ ಕೊಡುತ್ತಿದ್ದೆ, ಮಳೆ ಎಷ್ಟು, ಗಾಳಿ ಎತ್ತ, ಯಾವ ಕಪ್ಪೆ ಕೂಗಿತು, ಯಾವುದು ಕೂಗಲಿಲ್ಲ, ಎಲ್ಲ ಇದೆ. ಮತ್ತೆ, ಅಂಚಿನಲ್ಲಿ ‘ಕಪ್ಪೆ ಎಲ್ಲಿ?’ ಅಂತ ಬರೆಯುವ ಒಬ್ಬರನ್ನು ಜೊತೆ ಮಾಡಿ. ಅವರಿಗೂ ಸಂಭಾವನೆ ಕೊಡಿ. ಪುಕ್ಕಟೆ ಮಾರ್ಗದರ್ಶಕರು ಎರಡನೇ ಡ್ರಾಫ್ಟಿಗೆ ಮಾಯವಾಗುತ್ತಾರೆ, ನಾನೂ ಆಗಿದ್ದೇನೆ.

ನಿಮ್ಮನ್ನೂ ಬಿಡುವುದಿಲ್ಲ, ಸಂಪಾದಕರೇ. ಹೊಸಬರ ಲೇಖನ ತಲುಪಿದೆ ಅಂತ ಒಂದು ಸಾಲು ಉತ್ತರ ಬರೆಯುವುದಕ್ಕೆ ಯಾವ ವಿದ್ಯಾರ್ಥಿವೇತನವೂ ಬೇಡ. ಬೇಡ ಅನ್ನುವುದಾದರೆ ಯಾಕೆ ಬೇಡ ಅಂತ ಇನ್ನೊಂದು ಸಾಲು. ಹಾಕುತ್ತೇವೆ ಅಂದ ಮೇಲೆ ಸಂಭಾವನೆ ಆಗಲೇ ಕಳಿಸಿದರೆ ಒಳ್ಳೆಯದು. ಪ್ರಕಟವಾಗಿ ಮೂರು ತಿಂಗಳಾದ ಮೇಲೆ ಬರುವ ಹಣದಲ್ಲಿ ಯಾರೂ ಕಾಡಿಗೆ ಹೋಗಲಾರರು.

ಆ ಹುಡುಗಿಯ ವಿಳಾಸ ನಿಮ್ಮ ಹತ್ತಿರ ಇರುತ್ತದೆ. ಈ ಪತ್ರದ ಲಕೋಟೆಯ ಹಿಂದಿರುವ ನನ್ನ ವಿಳಾಸ ಅವಳಿಗೆ ಕೊಡಿ. ಏನಾದರೂ ಬರೆದಿದ್ದರೆ ಕಳಿಸಲಿ, ಓದಿ ಅಂಚಿನಲ್ಲಿ ಗೀಚಿ ವಾಪಸ್ ಕಳಿಸುತ್ತೇನೆ. ಆದಷ್ಟು ಬೇಗ ಕಳಿಸಲು ಹೇಳಿ. ಮೋಡ ಕಟ್ಟುತ್ತಿದೆ, ಮೊದಲ ಮಳೆ ಬಿದ್ದ ಮೇಲೆ ಹದಿನೈದು ದಿನ ನಾನು ಯಾರಿಗೂ ಸಿಗುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗಿ